ಕೀ ತೆಗೆದರೂ ಬಂದ್ ಆಗದ ಎಂಜಿನ್: ಹಳೆ ಪೆಟ್ರೋಲ್ ಗಾಡಿಯಲ್ಲಿ ಏನೇನು ನೋಡಬೇಕು

ಕೀ ತಿರುಗಿಸಿ ಕೈಗೆ ತೆಗೆದುಕೊಂಡಾಗಿದೆ. ಎಂಜಿನ್ ಮಾತ್ರ ಗಡಗಡ ನಡುಗುತ್ತ ಐದಾರು ಸೆಕೆಂಡ್, ಒಮ್ಮೊಮ್ಮೆ ಅರ್ಧ ನಿಮಿಷ ಓಡುತ್ತಲೇ ಇದೆ. ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಇರುವ ಮಾರುತಿ 800, ಓಮ್ನಿ, ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ. ಕಲಬುರಗಿ, ಯಾದಗಿರಿ ಕಡೆ ಬಿಸಿಲು 42–43 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಇನ್ನೂ ಜಾಸ್ತಿ. ಹಾಗಂತ ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಬೇಡಿ. ನೆಟ್ಟಗಿರುವ ಎಂಜಿನ್ ಆ ಬಿಸಿಲಲ್ಲೂ ಕೀ ತಿರುಗಿಸಿದ ಕ್ಷಣಕ್ಕೇ ನಿಲ್ಲಬೇಕು.

ಕೀ ಬಂದ್ ಮಾಡಿದಾಗ ನಿಲ್ಲುವುದು ಪ್ಲಗ್ಗಿನ ಕಿಡಿ. ಪಿಸ್ಟನ್ ಎಳೆಯುವವರೆಗೂ ಕಾರ್ಬ್ಯುರೇಟರಿನ ಐಡಲ್ ದಾರಿಯಿಂದ (ಆಕ್ಸಿಲರೇಟರ್ ತುಳಿಯದೆ ಎಂಜಿನ್ ನಿಧಾನಕ್ಕೆ ಓಡಲು ಇರುವ ದಾರಿ) ಪೆಟ್ರೋಲ್ ಬರುತ್ತಲೇ ಇರಬಹುದು. ಸಿಲಿಂಡರಿನೊಳಗೆ ಕೆಂಡದಂತೆ ಕಾದ ಕಾರ್ಬನ್ ತುಣುಕೋ, ಪ್ಲಗ್ಗಿನ ತುದಿಯೋ, ಎಕ್ಸಾಸ್ಟ್ ವಾಲ್ವಿನ ಅಂಚೋ ಇದ್ದರೆ ಕಿಡಿ ಇಲ್ಲದೆಯೂ ಆ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಕೀ ಜೊತೆಗೇ ಇಂಜೆಕ್ಟರ್ ಮುಚ್ಚುವುದರಿಂದ ಅಲ್ಲಿ ಈ ರೋಗ ಕಾಣುವುದಿಲ್ಲ.

ಓಡುತ್ತಿರುವುದನ್ನು ಮೊದಲು ನಿಲ್ಲಿಸಿ. ಕೀ ಬಂದ್ ಇರಲಿ, ನಾಲ್ಕನೇ ಗೇರಿಗೆ ಹಾಕಿ, ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಸೋತು ನಿಲ್ಲುತ್ತದೆ. ಗಾಡಿಯ ಮುಂದೆ ಗೋಡೆ, ಮಕ್ಕಳು ಇದ್ದರೆ ಹುಷಾರ್. ಆಕ್ಸಿಲರೇಟರ್ ಪದೇ ಪದೇ ತುಳಿಯಬೇಡಿ, ಪ್ರತಿ ತುಳಿತಕ್ಕೂ ಅದರ ಪಂಪು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ‘ತಾನೇ ನಿಲ್ಲುತ್ತದೆ ಬಿಡು’ ಎನ್ನುವುದೂ ತರವಲ್ಲ. ಕೊನೆಯ ಒಂದೆರಡು ಸುತ್ತಿನಲ್ಲಿ ಎಂಜಿನ್ ಉಲ್ಟಾ ತಿರುಗಬಹುದು. ಆಗ ಆಯಿಲ್ ಪಂಪೂ ಉಲ್ಟಾ, ಬೇರಿಂಗಿಗೆ ಆಯಿಲ್ ಒತ್ತಡ ಇರುವುದಿಲ್ಲ, ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಆವಿ ಏರ್ ಫಿಲ್ಟರಿಗೆ ಉಗುಳುತ್ತದೆ.

ಇನ್ನು ರೋಗ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಇದಾಗುವವರೆಗೆ ಒಂದೂ ಸಾಮಾನು ಕೊಳ್ಳಬೇಡಿ. ಕೀ ತೆಗೆದ ಮೇಲೆ ಎಂಜಿನ್ ಮೊದಲಿನ ಹಾಗೇ ನಯವಾಗಿ ಓಡುತ್ತಿದ್ದರೆ ಕಿಡಿ ಇನ್ನೂ ಜೀವಂತ ಇದೆ, ದೋಷ ವೈರಿಂಗಿನದು. ಕುಲುಕುತ್ತ, ಬಡಿಯುತ್ತ, ತಾಳ ತಪ್ಪಿ ಓಡಿದರೆ ಬಿಸಿಯಿಂದ ಹೊತ್ತಿಕೊಳ್ಳುತ್ತಿದೆ. ಕಿವಿಯ ಮೇಲೆ ನಂಬಿಕೆ ಇಲ್ಲದಿದ್ದರೆ 12 ವೋಲ್ಟಿನ ಟೆಸ್ಟ್ ಲ್ಯಾಂಪನ್ನು ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲಿನ ಪ್ಲಸ್ ತುದಿಗೂ ಬಾಡಿಗೂ ಸಿಕ್ಕಿಸಿ ಕೀ ಬಂದ್ ಮಾಡಿ. ಎಂಜಿನ್ ಓಡುತ್ತಿರುವಾಗಲೂ ದೀಪ ಉರಿಯುತ್ತಿದ್ದರೆ ಕಾರ್ಬ್ಯುರೇಟರ್ ಮುಟ್ಟುವ ಕೆಲಸವೇ ಇಲ್ಲ.

ಹಾಗೆ ಉರಿದರೆ ಇಗ್ನಿಷನ್ ಸ್ವಿಚ್ ಸವೆದಿರಬಹುದು, ಇಲ್ಲವೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಕರೆಂಟು ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪದ ಮೂಲಕ ಹಿಂದಕ್ಕೆ ಹರಿಯುತ್ತಿರಬಹುದು. ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದವರಿಗೆ, ಇಗ್ನಿಷನ್ ಲೈನಿಗೆ ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್ಚು) ಕಟ್ಟಿಸಿದವರಿಗೆ ಎರಡನೆಯದೇ ಹೆಚ್ಚು, ಏಕೆಂದರೆ ರಿಲೇ ಹಿಡಿದಿಡಲು ಅಷ್ಟು ಸಣ್ಣ ಕರೆಂಟೇ ಸಾಕು. ಬ್ಯಾಟರಿ ದೀಪದಿಂದ ಆಲ್ಟರ್ನೇಟರಿಗೆ ಹೋಗುವ ಸಣ್ಣ ವೈರಿನ ನಡುವೆ 1ಎನ್4007 ಡಯೋಡ್ ಒಂದನ್ನು, ಬೆಳ್ಳಿ ಪಟ್ಟಿ ಆಲ್ಟರ್ನೇಟರ್ ಕಡೆ ಬರುವಂತೆ ಬೆಸುಗೆ ಹಾಕಿ. ಟಿವಿ ರಿಪೇರಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಉಲ್ಟಾ ಹಾಕಿದರೆ ಬ್ಯಾಟರಿ ದೀಪ ಹತ್ತುವುದಿಲ್ಲ, ಚಾರ್ಜೂ ಆಗದಿರಬಹುದು.

ದೀಪ ಆರಿತೆ? ಹಾಗಿದ್ದರೆ ಬಾನೆಟ್ ಎತ್ತಿ ಐಡಲ್ ಸೊಲೆನಾಯ್ಡ್ ಹುಡುಕಿ. ಮಾರುತಿ 800, ಓಮ್ನಿಯ ಕಾರ್ಬ್ಯುರೇಟರಿಗೆ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ, ವೈರ್ ಬಂದಿರುವ ಲೋಹದ ಉರುಟೊಂದು ತಿರುಪು ಹಾಕಿ ಕೂತಿರುತ್ತದೆ. ಕೀ ಹಾಕಿದಾಗ ಒಳಗಿನ ಮೊಳೆ ಹಿಂದೆ ಸರಿದು ಐಡಲ್ ಪೆಟ್ರೋಲಿಗೆ ದಾರಿ ಬಿಡುತ್ತದೆ, ಕೀ ತೆಗೆದಾಗ ಸ್ಪ್ರಿಂಗು ಅದನ್ನು ಮುಂದೆ ನೂಕಿ ದಾರಿ ಮುಚ್ಚುತ್ತದೆ. ಹಳೆ ಅಂಬಾಸಿಡರ್, ಪದ್ಮಿನಿಯ ಬಹಳಷ್ಟು ಕಾರ್ಬ್ಯುರೇಟರಿನಲ್ಲಿ ಇದು ಇಲ್ಲ, ಅಂಥವರು ಐಡಲ್ ಸ್ಪೀಡಿನಿಂದಲೇ ಶುರು ಮಾಡಿ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾಗಿ ಐಡಲಿನಲ್ಲಿರುವಾಗ ಸೊಲೆನಾಯ್ಡಿನ ವೈರ್ ಕೀಳಿ, ಕಿತ್ತ ತುದಿ ಬಾಡಿಗೆ ತಾಗದಿರಲಿ. ಎಂಜಿನ್ ತಟ್ಟನೆ ಸಾಯಬೇಕು. ಸಾಯದಿದ್ದರೆ, ಎಂಜಿನ್ ಬಂದ್ ಮಾಡಿ ತಣಿದ ಮೇಲೆ ಸೊಲೆನಾಯ್ಡ್ ಬಿಚ್ಚಿ ಮೊಳೆಯ ತುದಿ ನೋಡಿ. ಚೂಪಾಗಿ ಇರಬೇಕಾದ ಕಡೆ ಮೊಂಡಾಗಿದ್ದು ಕಾನಸಿನ ಗೀರು ಕಂಡರೆ ಕಳ್ಳ ಸಿಕ್ಕಿದ. ಸೊಲೆನಾಯ್ಡ್ ಕೆಟ್ಟಾಗ ಮೊಳೆ ಮುಚ್ಚಿಯೇ ಇರುತ್ತದೆ, ಗಾಡಿ ಐಡಲ್ ಹಿಡಿಯುವುದಿಲ್ಲ. ಹೊಸದು ತರಿಸುವ ಬದಲು ಎಷ್ಟೋ ಮಿಸ್ತ್ರಿಗಳು ಮೊಳೆಯ ತುದಿ ಕತ್ತರಿಸಿ ಹಾಕಿಬಿಡುತ್ತಾರೆ. ಐಡಲ್ ಅಂದೇ ಸರಿಹೋಗುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಬೇಸಿಗೆ ಬಂದಾಗ ಎಂಜಿನ್ ಬಂದ್ ಆಗುವುದಿಲ್ಲ. ಗಾಡಿ ಎರಡು ಮೂರು ಕೈ ಬದಲಾಗಿದ್ದರೆ ಈ ಕತ್ತರಿ ಕೆಲಸದ ಅನುಮಾನವನ್ನೇ ಮೊದಲು ಇಟ್ಟುಕೊಳ್ಳಿ. ತುದಿ ಸರಿ ಇದ್ದರೆ ಸೊಲೆನಾಯ್ಡಿನ ಬಾಡಿಗೆ ಬ್ಯಾಟರಿ ಮೈನಸ್, ವೈರಿಗೆ ಪ್ಲಸ್ ಕೊಟ್ಟು ನೋಡಿ, ಪೆಟ್ರೋಲಿನಿಂದ ದೂರ. ‘ಟಕ್’ ಎಂದು ಒಳಕ್ಕೆ ಸರಿದು, ಕರೆಂಟು ತೆಗೆದಾಗ ಪೂರ್ತಿ ಹೊರಬರಬೇಕು. ಹೊಸದು ಹಾಕುವಾಗ ಓ-ರಿಂಗೂ ಹೊಸದಿರಲಿ. ಐಡಲ್ ಜೆಟ್ಟಿಗೆ ಗಾಳಿ ಊದಿ, ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ.

ಐಡಲ್ ಸ್ಪೀಡನ್ನು ಎಂಜಿನ್ ಪೂರ್ತಿ ಬಿಸಿಯಾದಾಗ, ಚೋಕ್ ಗುಂಡಿ ಪೂರ್ತಿ ಒಳಕ್ಕೆ ತಳ್ಳಿದ್ದಾಗ, ಎಸಿ ಬಂದ್ ಇದ್ದಾಗ ಅಳೆಯಬೇಕು. ಈ ಗಾಡಿಗಳಿಗೆ ಸಾಧಾರಣವಾಗಿ 800–900 ಆರ್‌ಪಿಎಂ ಸಾಕು. ಅದಕ್ಕಿಂತ ಏರಿಸಿದ್ದರೆ ಥ್ರಾಟಲ್ ತಟ್ಟೆ ಹೆಚ್ಚು ತೆರೆದಿದೆ ಎಂದರ್ಥ. ಕೀ ತೆಗೆದ ಮೇಲೂ ಗಾಳಿ ಹೆಚ್ಚು ನುಗ್ಗುತ್ತದೆ, ಸಿಲಿಂಡರಿನ ಒತ್ತಡ ಏರುತ್ತದೆ, ಹೊತ್ತಿಕೊಳ್ಳುವುದು ಸಲೀಸಾಗುತ್ತದೆ. ಐಡಲ್ ಸ್ಕ್ರೂ ಸಡಿಲಿಸಿದರೂ ಸ್ಪೀಡ್ ಇಳಿಯದಿದ್ದರೆ ಚೋಕ್ ಕೇಬಲ್ ಪೂರ್ತಿ ವಾಪಸ್ ಬರುತ್ತಿದೆಯೇ, ಆಕ್ಸಿಲರೇಟರ್ ಕೇಬಲಿಗೆ ಸ್ವಲ್ಪ ಸಡಿಲು ಇದೆಯೇ ನೋಡಿ.

ಆದರೆ ಸ್ಕ್ರೂ ಏರಿಸಿದ್ದು ಯಾಕೆ ಎಂಬುದನ್ನೂ ಕೇಳಬೇಕು. ಬಹಳ ಸಲ ಉತ್ತರ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು. ಪಾಯಿಂಟಿನ ಹಿಮ್ಮಡಿ (ತಿರುಗುವ ಕ್ಯಾಮಿಗೆ ಉಜ್ಜುವ ತುದಿ) ಸವೆದಂತೆ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡ. ಐಡಲ್ ಕುಸಿಯುತ್ತದೆ, ಎಂಜಿನ್ ಬಿಸಿಯೇರುತ್ತದೆ. ಕಾರಣ ಹುಡುಕದೆ ಸ್ಕ್ರೂ ಬಿಗಿದರೆ ಎರಡೂ ಸೇರಿ ಈ ರೋಗ. ಆದ್ದರಿಂದ ಮೊದಲು ಫೀಲರ್ ಗೇಜಿನಲ್ಲಿ ಪಾಯಿಂಟ್ ಗ್ಯಾಪ್, ಸುಮಾರು 0.4 ಮಿ.ಮೀ., ನಿಖರ ಅಂಕಿ ಗಾಡಿಯ ಕೈಪಿಡಿಯಲ್ಲಿರುತ್ತದೆ. ಆಮೇಲೆ ಟೈಮಿಂಗ್ ಲೈಟಿನಿಂದ ಟೈಮಿಂಗ್, ಐಡಲ್ ಸ್ಕ್ರೂ ಕೊನೆಗೆ. ಈ ಕ್ರಮ ತಪ್ಪಿಸಿದರೆ ಎರಡೆರಡು ಸಲ ಮಾಡಬೇಕಾಗುತ್ತದೆ.

ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಮಿಶ್ರಣ ತೆಳು (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಇಲ್ಲವೇ ಪ್ಲಗ್ ತುದಿಯ ಬಿಸಿಯನ್ನು ಬೇಗ ಬಿಟ್ಟುಕೊಡದ ‘ಹಾಟ್’ ಜಾತಿಯದು. ಬದಲಿಸುವಾಗ ನಂಬರಿನ ಲೆಕ್ಕ ಜೋಕೆ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಣ್ಣಗೆ, ಬಾಷ್ ಮತ್ತು ಚಾಂಪಿಯನ್‌ನಲ್ಲಿ ಇಳಿದಷ್ಟೂ ತಣ್ಣಗೆ. ಕಂಪನಿ ಹೇಳಿದ ನಂಬರಿಗಿಂತ ಒಂದು ಹೆಜ್ಜೆ ಮಾತ್ರ ತಣ್ಣಗೆ ಹೋಗಬಹುದು, ಹೆಚ್ಚು ಹೋದರೆ ಊರೊಳಗಿನ ಓಡಾಟಕ್ಕೆ ಮಸಿ ಕಟ್ಟುತ್ತದೆ.

ಮಿಶ್ರಣ ತೆಳುವಾಗುವುದು ಸಾಮಾನ್ಯವಾಗಿ ಕಳ್ಳ ಗಾಳಿಯಿಂದ: ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪು, ಬಿಸಿಲಿಗೆ ಸೀಳಿದ ವ್ಯಾಕ್ಯೂಮ್ ಪೈಪು. ಐಡಲಿನಲ್ಲಿ ಆ ಜಾಗಗಳಿಗೆ ಸ್ಪ್ರೇ ಬಾಟಲಿಯಿಂದ ತುಸು ನೀರು ಸಿಂಪಡಿಸಿ, ಎಂಜಿನ್ ಸದ್ದು ಬದಲಾದರೆ ಅಲ್ಲೇ ಸೋರಿಕೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವವರೂ ಇದ್ದಾರೆ, ಆ ಧೈರ್ಯ ಬೇಡ. ಈಗಿನ 20 ಪ್ರತಿಶತ ಎಥನಾಲಿನ ಪೆಟ್ರೋಲೂ ಹಳೆ ಜೆಟ್ಟಿನಲ್ಲಿ ಮಿಶ್ರಣವನ್ನು ತುಸು ತೆಳು ಮಾಡುತ್ತದೆ, ಹಳೆ ರಬ್ಬರನ್ನೂ ತಿನ್ನುತ್ತದೆ.

ರೇಡಿಯೇಟರಿನ ವಿಷಯ ನಮ್ಮ ಭಾಗಕ್ಕೆ ಬೇರೆಯೇ. ಶಹಾಬಾದ್, ವಾಡಿ, ಸೇಡಂ ಸುಣ್ಣಕಲ್ಲಿನ ನೆಲ, ಬೋರಿನ ನೀರು ಗಡಸು. ಅದನ್ನೇ ರೇಡಿಯೇಟರಿಗೆ ಸುರಿದರೆ ಕೊಡದ ತಳದಲ್ಲಿ ಕಟ್ಟುವ ಬಿಳಿ ಗಟ್ಟಿ ಪದರವೇ ಸಿಲಿಂಡರ್ ಹೆಡ್ಡಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಗೇಜಿನ ಮುಳ್ಳು ನಡುವೆಯೇ ಇದ್ದರೂ ಎಕ್ಸಾಸ್ಟ್ ವಾಲ್ವಿನ ಸುತ್ತ ಮಾತ್ರ ಸುಡುತ್ತಿರಬಹುದು. ಎಂಜಿನ್ ತಣ್ಣಗಿದ್ದಾಗ ನೀರು ಖಾಲಿ ಮಾಡಿ, ಡಿಸ್ಕೇಲರ್ ಹಾಕಿ ತೊಳೆದು, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಕೂಲಂಟ್ ಬೆರೆಸಿ ತುಂಬಿ. ಬೇಸಿಗೆ ಬಂತೆಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ಮದ್ದಲ್ಲ. ಸಿಮೆಂಟ್ ಲಾರಿಗಳ ರಸ್ತೆಯಲ್ಲಿ, ತೊಗರಿ ರಾಶಿಯ ಹೊತ್ತಿನಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಮೊದಲೇ ತೆಗೆದು ನೋಡಿ. ಅದು ಕಟ್ಟಿದರೆ ಪೆಟ್ರೋಲ್ ಹೆಚ್ಚಾಗಿ ಕಾರ್ಬನ್ ಕೂರುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ ಕಾರ್ಬನ್ನೇ. ಊರೊಳಗೆ ಬರೀ ಎರಡು ಮೂರು ಕಿ.ಮೀ. ಓಡುವ ಗಾಡಿಗೆ, ಆಯಿಲ್ ಸುಡುವ ಎಂಜಿನ್ನಿಗೆ ಇದು ಕಟ್ಟಿಟ್ಟದ್ದು. ಹೆಡ್ ಇಳಿಸುವ ಮುನ್ನ ಪೆಟ್ರೋಲಿಗೆ ಹಾಕುವ ಕ್ಲೀನರ್ ಒಂದು ಟ್ಯಾಂಕ್ ಬಳಸಿ, ಹುಮನಾಬಾದ್ ರಸ್ತೆಯಂಥ ಕಡೆ ಮೂರನೇ ಗೇರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡಿಸಿ ನೋಡಿ. ಸಡಿಲ ಮಸಿ ಅಷ್ಟರಲ್ಲೇ ಹೋಗುತ್ತದೆ. ಹೋಗದಿದ್ದರೆ ಹೆಡ್ ಬಿಚ್ಚಿ ಮರದ ಇಲ್ಲವೇ ಪ್ಲಾಸ್ಟಿಕ್ ಚೂರಿನಿಂದ ಕೆರೆಯಬೇಕು. ಅಲ್ಯೂಮಿನಿಯಂ ಹೆಡ್ಡಿಗೆ ಸ್ಕ್ರೂಡ್ರೈವರ್ ಬೇಡ. ಅದೇ ಕೈಲಿ ವಾಲ್ವ್ ಸೀಲೂ ಬದಲಿಸಿ, ಇಲ್ಲದಿದ್ದರೆ ಕಾರ್ಬನ್ ಮತ್ತೆ ಕಟ್ಟುತ್ತದೆ.

ಎಲ್‌ಪಿಜಿ ಕಿಟ್ ಇರುವ ಓಮ್ನಿಗಳಲ್ಲಿ ಎಂಜಿನ್ ಗ್ಯಾಸಿನ ಮೇಲೆ ಓಡುವಾಗ ಮಾತ್ರ ಹೀಗಾದರೆ ಗ್ಯಾಸ್ ಸೊಲೆನಾಯ್ಡ್ ಸೋರುತ್ತಿದೆ. ಅದನ್ನು ಕಿಟ್ ಕೂರಿಸುವವರಿಂದಲೇ ನೋಡಿಸಿ, ಅಲ್ಲಿಯವರೆಗೆ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ ಪೆಟ್ರೋಲಿನಲ್ಲಿ ಓಡಿಸಿ.