ಜಿಪ್ಸಿಗೆ ಆಕ್ಸಲ್ ಹುಡುಕಿದ್ದು: ಅಳತೆ ಮೊದಲು, ಅಂಗಡಿ ಆಮೇಲೆ

ಜಿಪ್ಸಿಯ ಹಿಂದಿನ ಆಕ್ಸಲ್ ಬೇಕು ಎಂದರೆ ಅಂಗಡಿಯವರು ಮೊದಲು ಕೇಳುವುದು "ಯಾವ ಮಾಡೆಲ್?" ಎಂದು. ಹಳೆ ಜಿಪ್ಸಿ ಇಟ್ಟುಕೊಂಡವರಿಗೆ ಇದಕ್ಕೆ ಉತ್ತರ ಹೇಳುವುದೇ ಕಷ್ಟ. ಆರ್‌ಸಿಯಲ್ಲಿ ಒಂದು ವರ್ಷ ಇರುತ್ತದೆ, ಗಾಡಿ ಕೆಳಗೆ ಬಗ್ಗಿ ನೋಡಿದರೆ ಬೇರೆಯೇ ಕಥೆ. ಮಾರುತಿ 1985ರಲ್ಲಿ ತಂದ ಜಿಪ್ಸಿಯ ಆಕ್ಸಲ್ ಕಿರಿದು. 1993ರಲ್ಲಿ ವೈಡ್‌ಟ್ರ್ಯಾಕ್ ಬಂದಾಗ ಎಡ-ಬಲ ಚಕ್ರಗಳ ನಡುವಿನ ಅಗಲ 90 ಮಿ.ಮೀ. ಜಾಸ್ತಿಯಾಯಿತು. ಆ ಅಗಲ ಮುಂದೆ 1300 ಮಿ.ಮೀ., ಹಿಂದೆ 1310 ಆಯಿತು. ಮಿಲಿಟರಿ ಹರಾಜಿನ ಗಾಡಿ, ರ‍್ಯಾಲಿ ಆಡಿದ ಗಾಡಿ, ತೋಟದಲ್ಲಿ ದುಡಿದ ಗಾಡಿ, ಇವಕ್ಕೆಲ್ಲ ಯಾರೋ ಯಾವಾಗಲೋ ಸಿಕ್ಕಿದ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಕೂರಿಸಿರುತ್ತಾರೆ. ಹಾಗಾಗಿ ನಾನು ಮಾಡೆಲ್ ಹೇಳುವ ಗೋಜಿಗೇ ಹೋಗಲಿಲ್ಲ. ಅಳತೆ ಬರೆದ ಚೀಟಿ ಹಿಡಿದು ಹೋದೆ.

ನನ್ನದು ಮುರಿದದ್ದು ಸಕಲೇಶಪುರದ ಕಡೆ, ಮಳೆಗಾಲದ ಕೆಸರಿನಲ್ಲಿ. ಸುಮ್ನೆ ಸುತ್ತುತ್ತಿದ್ದ ಹಿಂಚಕ್ರಕ್ಕೆ ಮರದ ಬೇರಿನ ಮೇಲೆ ಒಮ್ಮೆಲೇ ಹಿಡಿತ ಸಿಕ್ಕಿತು. ಆಕ್ಸಲ್ ಹೋಗುವುದು ಬಹುತೇಕ ಹೀಗೆಯೇ. ನಿಧಾನವಾಗಿ ಎಷ್ಟು ಎಳೆಸಿದರೂ ತಡೆಯುತ್ತದೆ, ಏಟು ಬಿದ್ದರೆ ತಡೆಯುವುದಿಲ್ಲ. ಫೋರ್‌ವೀಲ್ ಹಾಕಿದ್ದರಿಂದ ಮುಂದಿನ ಚಕ್ರಗಳ ಎಳೆತದಲ್ಲೇ ರಸ್ತೆಗೆ ಬಂದೆ.

ಬಿಚ್ಚುವ ಕೆಲಸ ದೊಡ್ಡದೇನಲ್ಲ. ಡ್ರಮ್ ತೆಗೆದು, ಬ್ರೇಕ್ ಪೈಪ್ ಬಿಡಿಸಿ, ಬ್ಯಾಕ್ ಪ್ಲೇಟ್‌ನ ಬೋಲ್ಟ್ ಕಳಚಿದರೆ ಪ್ಲೇಟ್ ಸಮೇತ ಶಾಫ್ಟ್, ಅಂದರೆ ಚಕ್ರ ತಿರುಗಿಸುವ ಉಕ್ಕಿನ ದಂಡ, ಹೊರಗೆ ಬರುತ್ತದೆ. ಒಳಗೆ ಉಳಿದ ತುಂಡನ್ನು ಇನ್ನೊಂದು ಕಡೆಯ ಶಾಫ್ಟ್ ತೆಗೆದು, ಉದ್ದನೆಯ ಕಂಬಿಯಿಂದ ತಳ್ಳಿದೆ. ಉಕ್ಕಿನ ಚೂರು ಒಳಗಿರುತ್ತದೆ ಅಲ್ವಾ, ಅದಕ್ಕೆ ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಉಂಡೆಯನ್ನೇ ಇಳಿಸಿ ಡೀಸೆಲ್‌ನಲ್ಲಿ ತೊಳೆದೆ.

ಮುರಿದ ತುಂಡನ್ನು ಗುಜರಿಗೆ ಎಸೆಯಬೇಡಿ, ಅದರಲ್ಲಿ ಓದುವುದು ಬೇಕಾದಷ್ಟಿರುತ್ತದೆ. ನನ್ನದು ಸ್ಪ್ಲೈನ್ ಹಲ್ಲು (ಶಾಫ್ಟ್ ತುದಿಯಲ್ಲಿ ಗೇರ್‌ಗೆ ಕೂರುವ ಉದ್ದುದ್ದ ಹಲ್ಲು) ಮುಗಿಯುವ ಜಾಗದಲ್ಲೇ ಕತ್ತರಿಸಿತ್ತು. ನೇರ ಇರಬೇಕಾದ ಹಲ್ಲುಗಳು ಓರೆಯಾಗಿ ತಿರುಚಿಕೊಂಡಿದ್ದವು. ಮುರಿದ ಮುಖದ ಒಂದಂಚು ಕಪ್ಪುಕಂದು, ಉಳಿದದ್ದೆಲ್ಲ ಹೊಳೆಯುವ ಬೂದು. ಅಂದರೆ ಬಿರುಕು ಹಳೆಯದು. ಆ ಬೇರು ಕೊನೆಯ ಏಟು ಕೊಟ್ಟಿತು, ಅಷ್ಟೇ.

ಇನ್ನು ಅಳತೆ. ಮುರಿದ ತುಂಡುಗಳನ್ನು ಜೋಡಿಸಿ ಟೇಪ್ ಹಿಡಿದರೆ ಉದ್ದ ಅಂದಾಜಿಗೆ ಸಿಗುತ್ತದೆ, ನಂಬಿಕೆಗೆ ಸಿಗುವುದಿಲ್ಲ. ಇನ್ನೊಂದು ಬದಿಯ ಶಾಫ್ಟ್ ನೋಡಿ ತರೋಣ ಎಂದರೆ ಎರಡೂ ಒಂದೇ ಉದ್ದವಲ್ಲ. ಡಿಫರೆನ್ಷಿಯಲ್ ಮಧ್ಯದಲ್ಲಿಲ್ಲ, ಪಕ್ಕಕ್ಕೆ ಸರಿದಿದೆ. ಹಾಗಾಗಿ ಉಂಡೆಯನ್ನು ವಾಪಸ್ ಕೂರಿಸಿ, ಹೌಸಿಂಗ್ ಬಾಯಿಂದ ಸೈಡ್ ಗೇರ್‌ನ (ಉಂಡೆಯೊಳಗೆ ಶಾಫ್ಟ್ ಹಿಡಿಯುವ ಗೇರ್) ಹಲ್ಲು ಶುರುವಾಗುವ ತನಕ ಒಂದು ಕಡ್ಡಿ ತೂರಿಸಿ ಗುರುತು ಹಾಕಿದೆ. ಹಲ್ಲು ಮುಗಿಯುವಲ್ಲಿಗೆ ಇನ್ನೊಂದು ಗುರುತು. ಹೊಸ ಶಾಫ್ಟ್‌ನ ತುದಿ ಈ ಎರಡು ಗುರುತುಗಳ ನಡುವೆ, ಆದಷ್ಟು ಒಳಗಿನ ಗುರುತಿನ ಹತ್ತಿರ ಬರಬೇಕು. ಜಾಸ್ತಿ ಉದ್ದವಿದ್ದರೆ ಒಳಗೆ ತಾಗಿ ಬೇರಿಂಗ್ ಕೂರುವುದಿಲ್ಲ. ಗಿಡ್ಡವಾದರೆ ಅರ್ಧ ಹಲ್ಲಿನ ಮೇಲೇ ಪೂರ್ತಿ ಭಾರ.

ಹಲ್ಲು ಎಣಿಸುವಾಗ ಒಂದಕ್ಕೆ ಮಾರ್ಕರ್ ಬಳಿದು ಅಲ್ಲಿಂದ ಶುರುಮಾಡಿ. ನನ್ನದರಲ್ಲಿ 26 ಬಂತು. ಸಮಸಂಖ್ಯೆಯಾದರೆ ಒಂದು ಹಲ್ಲಿನ ಎದುರಿಗೆ ಇನ್ನೊಂದು ಹಲ್ಲೇ ಇರುತ್ತದೆ, ವರ್ನಿಯರ್ ಕ್ಯಾಲಿಪರ್ ಹಿಡಿದರೆ ಸರಿಯಾದ ವ್ಯಾಸ ಸಿಗುತ್ತದೆ. ಬೆಸಸಂಖ್ಯೆಯಾದರೆ ಎದುರಿಗೆ ಬರುವುದು ಗುಂಡಿ, ಓದಿದ ಅಳತೆ ಕಡಿಮೆ ಬರುತ್ತದೆ.

ಚಕ್ರದ ಕಡೆ ನಟ್ ಕೂರುವ ಐದು ಸ್ಟಡ್, ಅವು ನಿಲ್ಲುವ ವೃತ್ತದ ವ್ಯಾಸ 139.7 ಮಿ.ಮೀ. ಐದರಲ್ಲಿ ಎದುರುಬದುರು ಸ್ಟಡ್ ಇರುವುದಿಲ್ಲವಲ್ಲ, ಅಕ್ಕಪಕ್ಕದ ಎರಡರ ನಡುಮಧ್ಯದ ದೂರ ಅಳೆಯಿರಿ. ಸುಮಾರು 82 ಬಂದರೆ ಸರಿ. ಹಳೆ ಮಹೀಂದ್ರಾ ಜೀಪಿನದ್ದೂ ಇದೇ ವೃತ್ತ. ಅದಕ್ಕೇ ಸ್ಟಡ್ ಹೊಂದಿತು ಎಂದು ಹಿಗ್ಗಬೇಡಿ, ಶಾಫ್ಟ್ ಪೂರಾ ಬೇರೆ.

ಬೇರಿಂಗ್ ಕೂರುವ ಜಾಗಕ್ಕೆ ಮಾತ್ರ ವರ್ನಿಯರ್ ಸಾಲದು, ಮೈಕ್ರೋಮೀಟರ್ ಬೇಕು. ಇದನ್ನು ಲೇತ್‌ನವರ ಹತ್ತಿರ ಅಳೆಸಿದೆ. ಗುಜರಿಯಲ್ಲಿ ಚೆನ್ನಾಗಿ ಕಾಣುವ ಶಾಫ್ಟ್‌ನಲ್ಲಿ ಹಳೆ ಬೇರಿಂಗ್ ಜಾರಿ ತಿರುಗಿ ಅಲ್ಲೇ ಸವೆದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಣ್ಣ ಅಂಚು ಸಿಗುತ್ತದೆ. ಅಂಥದ್ದಕ್ಕೆ ವೆಲ್ಡ್ ತುಂಬಿಸಿ ತಿರುವಿ ಕೊಡುತ್ತೇವೆ ಎನ್ನುತ್ತಾರೆ. ಬೇಡ. ಜಿಪ್ಸಿಯ ಹಿಂದಿನ ಶಾಫ್ಟ್ ಗಾಡಿಯ ಭಾರವನ್ನೂ ಹೊರುತ್ತದೆ.

ಆರಿಸುವಾಗ ನನ್ನ ಮುಂದೆ ಇದ್ದದ್ದು ಕಂಪನಿಯ ಹೊಸದು, ಗುಜರಿಯದ್ದು, ಇಎನ್24 ಉಕ್ಕಿನಲ್ಲಿ ಮಾಡಿಸುವುದು. ಇಎನ್24 ಗಟ್ಟಿ ಉಕ್ಕು, ಸಂಶಯವಿಲ್ಲ. ಆದರೆ ಹೀಟ್ ಟ್ರೀಟ್‌ಮೆಂಟ್ ಸರಿಯಾಗಿ ಮಾಡದಿದ್ದರೆ ಉಕ್ಕಿನ ಹೆಸರಿನಿಂದ ಏನೂ ಆಗುವುದಿಲ್ಲ. ದಪ್ಪ ಮಾಡಿಸಿದರೆ? ತಿರುಚುವ ಬಲಕ್ಕೆ ವ್ಯಾಸದ ಘನದ ಲೆಕ್ಕ, ಹತ್ತು ಪರ್ಸೆಂಟ್ ದಪ್ಪವಾದರೆ ಶಕ್ತಿ ಮೂವತ್ತಮೂರು ಪರ್ಸೆಂಟ್ ಏರುತ್ತದೆ. ಅದಕ್ಕೆ ಸೈಡ್ ಗೇರೂ ಬದಲಾಗಬೇಕು. ಆಮೇಲೆ ಮುಂದಿನ ಏಟು ಹೋಗುವುದು ಡಿಫರೆನ್ಷಿಯಲ್‌ನ ಮುಖ್ಯ ಗೇರ್ ಜೋಡಿ ಕ್ರೌನ್-ಪಿನಿಯನ್‌ಗೆ. ಆಕ್ಸಲ್ ಒಂದು ಥರ ಮನೆಯ ಫ್ಯೂಸ್ ಇದ್ದಂತೆ, ಹೋಗುವುದಾದರೆ ಅದೇ ಹೋಗಲಿ ಎನ್ನುವವನು ನಾನು.

ಟೈರ್ ಲೆಕ್ಕವನ್ನೂ ಹಾಕಿದೆ. ಮೂಲ 205/70 ಆರ್15 ಟೈರ್‌ನ ಎತ್ತರ ಸುಮಾರು 668 ಮಿ.ಮೀ. ನನ್ನ 235/75 ಆರ್15ರದ್ದು 734 ಹತ್ತಿರ. ಅದೇ ಹಿಡಿತಕ್ಕೆ ಶಾಫ್ಟ್ ಮೇಲೆ ಹತ್ತು ಪರ್ಸೆಂಟ್ ಜಾಸ್ತಿ ಹೊರೆ. ಇಷ್ಟಕ್ಕೆ ಕಂಪನಿಯದ್ದೇ ಸಾಕು. 31 ಇಂಚಿನ ಟೈರ್ ಮತ್ತು ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ) ಹಾಕುವವರ ಲೆಕ್ಕ ಬೇರೆ.

ಕೊನೆಗೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಚೀಟಿಯ ಅಳತೆಗೆ ಸರಿಹೋಗುವ ಹೊಸದು ಸಿಕ್ಕಿತು. ಅಂಗಡಿಯಲ್ಲೇ ಹಲ್ಲಿನ ಪಕ್ಕ ಅರ ಇಟ್ಟು ಎಳೆದೆ. ಅರ ಕಚ್ಚದೆ ಜಾರಿತು, ಮೇಲ್ಮೈ ಗಟ್ಟಿ ಇದೆ. ಕೂರಿಸುವ ಮುಂಚೆ ಹಲ್ಲಿಗೆ ತೆಳ್ಳಗೆ ನೀಲಿ ಬಣ್ಣ ಹಚ್ಚಿ, ಒಳಗೆ ತಳ್ಳಿ, ಹೊರಗೆ ಎಳೆದು ನೋಡಿದೆ. ಸೈಡ್ ಗೇರ್ ಹಿಡಿದಷ್ಟು ಉದ್ದ ಬಣ್ಣ ಉಜ್ಜಿಹೋಗಿತ್ತು, ಕಡ್ಡಿಯ ಗುರುತಿಗೆ ಸರಿಯಾಗಿ. ಆಯಿಲ್ ಸೀಲ್ ಹೊಸದು ಹಾಕಿ, ಬ್ರೇಕ್ ಏರ್ ತೆಗೆದು ಮುಗಿಸಿದೆ.

ಈಗ ಎಡಕ್ಕೊಂದು ಬಲಕ್ಕೊಂದು ಗುಜರಿ ಶಾಫ್ಟ್, ಅಳತೆ ಸರಿ ಇರುವಂಥವು, ಹಿಂದಿನ ಸೀಟಿನ ಕೆಳಗೆ ಕಟ್ಟಿಟ್ಟಿದ್ದೇನೆ. ಬೇರಿಂಗ್, ಅದನ್ನು ಹಿಡಿದಿಡುವ ರಿಂಗ್ ಎರಡನ್ನೂ ಮೊದಲೇ ಪ್ರೆಸ್‌ನಲ್ಲಿ ಒತ್ತಿಸಿದ್ದೇನೆ. ಕಾಡಿನಲ್ಲಿ ಪ್ರೆಸ್ ಎಲ್ಲಿಂದ ತರುವುದು?