ಗುಜರಿ ಪ್ಲೇಟು ಹಾಕಿಸಿದ ಮೇಲೆ ಪಿಕಪ್ ಓರೆ ಹೋಗ್ತಿದೆಯಾ? ಮೊದಲು ಟೇಪು ಹಿಡಿಯಿರಿ

ಹಿಂದಿನ ಚಕ್ರದ ಮೇಲೆ ಭಾರ ಹೊರುವ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟು, ಅದರ ಹೊಸ ಸೆಟ್ಟಿನ ರೇಟು ಕೇಳಿ ಸುಮ್ನೆ ವಾಪಸ್ ಬಂದು, ಗುಜರಿಯಲ್ಲಿ ಅದೇ ಮಾಡೆಲ್ಲಿನ ಹಳೇ ಸೆಟ್ಟು ಹುಡುಕಿ ಹಾಕಿಸಿದವರಲ್ಲಿ ನಾನೂ ಒಬ್ಬ. ಹಾಕಿಸಿ ಒಂದು ವಾರ ಆಗಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದೆ. ಹಿಂದೆ ಬೈಕಿನಲ್ಲಿ ಬರುತ್ತಿದ್ದ ನಮ್ಮೂರ ಹುಡುಗ ಮಂಡಗದ್ದೆ ಹತ್ತಿರ ಕೈ ಅಡ್ಡ ಮಾಡಿ ನಿಲ್ಲಿಸಿದ. "ಅಣ್ಣಾ, ನಿಮ್ ಗಾಡಿ ಗದ್ದೆ ಏಡಿ ತರ ಓರೆ ಹೋಗ್ತಿದೆಯಲ್ಲಾ!" ಒಳಗೆ ಕೂತ ನನಗೆ ಗೊತ್ತೇ ಆಗಿರಲಿಲ್ಲ. ಸ್ಟೇರಿಂಗ್ ಒಂಚೂರು ಬಲಕ್ಕೆ ಹಿಡಿದರೆ ಮಾತ್ರ ಗಾಡಿ ನೇರ ಹೋಗುತ್ತಿತ್ತು. ರಸ್ತೆ ಎಡಕ್ಕೆ ಇಳಿಜಾರಿದೆ, ಅದಕ್ಕೇ ಹೀಗೆ ಅಂದುಕೊಂಡಿದ್ದೆ.

ಮಾರಿದವನ ಮೇಲೆ ಸಿಕ್ಕಾಪಟ್ಟೆ ಸಿಟ್ಟು ಬಂತು. ಬಿಚ್ಚಿ ನೋಡಿದರೆ ಪ್ಲೇಟು ಗಟ್ಟಿಯಾಗೇ ಇತ್ತು, ಕೂರಿಸಿದ್ದು ತಪ್ಪಾಗಿತ್ತು. ಆಮೇಲೆ ಎರಡು ಮೂರು ಜನರ ಗಾಡಿ ನೋಡಿದೆ, ಅಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಹಾಗಾಗಿ ಅಂಗಡಿಗೆ ಹೋಗಿ ಜಗಳ ತೆಗೆಯುವ ಮುಂಚೆ ಇಷ್ಟು ನೋಡಿಬಿಡಿ.

ಗಾಡಿ ಅಡಿಗೆ ನುಗ್ಗುವುದಕ್ಕೆ ಮೊದಲು ಒಂದು ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಅಂಗಳದ ಮಣ್ಣು ಜ್ಯಾಕನ್ನ ನುಂಗುತ್ತದೆ. ಜ್ಯಾಕಿನ ಅಡಿಗೆ ದಪ್ಪ ಹಲಗೆ ಇಡಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟೇ ಒಳಗೆ ಹೋಗಿ. ಮನೆ ಕಟ್ಟಿ ಉಳಿದ ಜಂಬಿಟ್ಟಿಗೆ ಕಲ್ಲು ಇದೆಯಲ್ಲ ಅಂತ ಅದನ್ನ ಪೇರಿಸಬೇಡಿ. ಭಾರ ಬಿದ್ದರೆ ಅದು ಯಾವಾಗ ಒಡೆಯುತ್ತದೆ ಅಂತ ಹೇಳಕ್ಕಾಗಲ್ಲ.

ಗಾಡಿ ಒಂದು ಕಡೆ ವಾಲುತ್ತಿದೆಯಾ? ಖಾಲಿ ಮಾಡಿ, ಸಮತಟ್ಟಾದ ಜಾಗಕ್ಕೆ ತನ್ನಿ. ಅಡಿಕೆ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಎರಡೂ ಕಡೆ ಟಯರಿನ ಗಾಳಿ ಸಮ ಮಾಡಿ. ಹಿಂದಿನ ಬಾಡಿಯನ್ನ ನಾಲ್ಕೈದು ಸಲ ಜೋರಾಗಿ ಒತ್ತಿ ಬಿಡಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಲಿ. ಈಗ ಚಕ್ರದ ನಡುವಿನಿಂದ ಮೇಲೆ ಬಾಡಿ ಅಂಚಿನವರೆಗೆ ಟೇಪು ಹಿಡಿದು ಎರಡೂ ಕಡೆ ಅಳೆಯಿರಿ. ಒಂದು ಸೆಂಟಿಮೀಟರ್ ಒಳಗಿನ ವ್ಯತ್ಯಾಸಕ್ಕೆ ನಾನಂತೂ ತಲೆ ಕೆಡಿಸಿಕೊಳ್ಳಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಪ್ಲೇಟು ಎಣಿಸಿ, ಒಂದೊಂದರ ದಪ್ಪ ಅಳೆಯಿರಿ. ಗುಜರಿಯಲ್ಲಿ ಎಡದ್ದು ಒಂದು ಗಾಡಿಯದು, ಬಲದ್ದು ಇನ್ನೊಂದು ಗಾಡಿಯದು ಕೊಟ್ಟು "ಸೆಟ್ಟು" ಅನ್ನುವುದು ಮಾಮೂಲಿ. ಎರಡನ್ನೂ ಬಿಚ್ಚಿದ್ದಾಗ ಈ ತುದಿಯ ಕಣ್ಣಿನಿಂದ (ಬೋಲ್ಟ್ ಹೋಗುವ ಸುರುಳಿ) ಆ ತುದಿಯ ಕಣ್ಣಿಗೆ ದಾರ ಎಳೆದು, ನಡುವೆ ದಾರದಿಂದ ಪ್ಲೇಟಿಗೆ ಎಷ್ಟು ಅಂತರ ಇದೆ ನೋಡಿದರೆ ಯಾವುದು ಸೋತಿದೆ ಅಂತ ಗೊತ್ತಾಗುತ್ತದೆ. ಎಡ ಬಲ ಒಂದೇ ಪಾರ್ಟ್ ಆಗಿದ್ದರೆ ಅದಲು ಬದಲು ಮಾಡಿ ನೋಡಿ. ವಾಲುವುದೂ ಆ ಕಡೆ ಹೋದರೆ ಸ್ಪ್ರಿಂಗಿನದೇ ತಪ್ಪು. ವಾಲುವುದು ಇದ್ದಲ್ಲೇ ಇದ್ದರೆ ಬ್ರಾಕೆಟ್, ಚಾಸಿ, ಇಲ್ಲಾ ಮುಂದಿನ ಸಸ್ಪೆನ್ಷನ್ ನೋಡಬೇಕು. ಸೋತ ಪ್ಲೇಟನ್ನ ಕಾಯಿಸಿ ಬಗ್ಗಿಸಿ ಕೊಡುತ್ತೇನೆ ಅನ್ನುವವರಿದ್ದಾರೆ. ಸರಿಯಾಗಿ ಹದ ಹಾಕದೆ ಬರೀ ಕಾಯಿಸಿ ಬಗ್ಗಿಸಿದ್ದು ನಾಲ್ಕು ಲೋಡಿಗೆ ಮತ್ತೆ ಮಲಗುತ್ತದೆ.

ಈಗ ನನ್ನ ಏಡಿ ಕಥೆ. ಪ್ಲೇಟುಗಳನ್ನೆಲ್ಲ ಹಿಡಿದಿರುವ ಸೆಂಟರ್ ಬೋಲ್ಟ್ ಇದೆಯಲ್ಲ, ಅದರ ತಲೆ ಆಕ್ಸಲ್ ಸೀಟಿನ (ಆಕ್ಸಲ್ಲಿನಲ್ಲಿ ಸ್ಪ್ರಿಂಗ್ ಕೂರುವ ಜಾಗ) ತೂತಿನೊಳಗೆ ಪೂರ್ತಿ ಕೂರಬೇಕು. ಆಕ್ಸಲ್ ಹಿಂದೆ ಮುಂದೆ ಹೋಗದಂತೆ ಜಾಗ ಹಿಡಿಯುವುದು ಅದೇ. ಯು ಬೋಲ್ಟಿನ ಕೆಲಸ ಸ್ಪ್ರಿಂಗು, ಆಕ್ಸಲ್ ಎರಡನ್ನೂ ಬಿಗಿಯಾಗಿ ಒತ್ತಿ ಹಿಡಿಯುವುದು ಅಷ್ಟೇ. ನಾನು ಗುಜರಿಯಿಂದ ತಂದ ಸೆಟ್ಟಿನಲ್ಲಿ ಯಾರೋ ಬೇರೆ ಬೋಲ್ಟ್ ಹಾಕಿದ್ದರು, ತಲೆ ತೂತಿಗಿಂತ ದಪ್ಪ. ಒಳಗೆ ಹೋಗದೆ ಮೇಲೇ ನಿಂತಿತ್ತು. ಹಾಗೇ ಯು ಬೋಲ್ಟ್ ಬಿಗಿದಿದ್ದರು. ಎರಡು ಲೋಡಿಗೆ ಆಕ್ಸಲ್ ಬಲಗಡೆ 15 ಮಿಲಿಮೀಟರ್ ಹಿಂದಕ್ಕೆ ಜಾರಿತ್ತು. ಸೀಟಿನ ಮೇಲೆ ಹೆಬ್ಬೆರಳಗಲ ಬೆಳ್ಳಿ ತರ ಹೊಳೆಯುವ ಗೆರೆ, ಸುತ್ತ ಎಲ್ಲಾ ತುಕ್ಕು.

ಇದನ್ನ ಬಿಚ್ಚದೆಯೂ ಕಂಡುಹಿಡಿಯಬಹುದು. ಮುಂದಿನ ಚಕ್ರ ನೇರ ಮಾಡಿ, ಮುಂದಿನ ಚಕ್ರದ ಹಬ್ಬಿನ ನಡುವಿನಿಂದ ಹಿಂದಿನ ಚಕ್ರದ ಹಬ್ಬಿನ ನಡುವಿಗೆ ಎರಡೂ ಕಡೆ ಅಳೆಯಿರಿ. ಲೆಕ್ಕ ಒಂದೇ ಬರಬೇಕು. ಇನ್ನೊಂದು ವಿಷಯ, ಕೆಲವು ಸ್ಪ್ರಿಂಗಿನಲ್ಲಿ ಸೆಂಟರ್ ಬೋಲ್ಟ್ ಸರಿ ನಡುವೆ ಇರಲ್ಲ, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅದನ್ನ ಹಿಂದೆ ಮುಂದೆ ಮಾಡಿ ಕಟ್ಟಿದರೂ ಆಕ್ಸಲ್ ಜಾಗ ಬಿಡುತ್ತದೆ.

ಸ್ಪ್ರಿಂಗ್ ಹಳೇದು ಪರವಾಗಿಲ್ಲ, ಯು ಬೋಲ್ಟ್ ಮತ್ತು ಅದರ ನಟ್ಟು ಮಾತ್ರ ಹೊಸದೇ ಹಾಕಿ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೇ ಸಲ ಅದೇ ಹಿಡಿತ ಕೊಡಲ್ಲ. ಬಿಗಿಯುವಾಗ ಒಂದೇ ನಟ್ಟನ್ನ ಪೂರ್ತಿ ಬಿಗಿಯದೆ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ, ಕೊನೆಗೆ ನಿಮ್ಮ ಗಾಡಿ ಮ್ಯಾನುಯಲ್ಲಿನ ಟಾರ್ಕಿಗೆ (ಎಷ್ಟು ಬಿಗಿಯಬೇಕು ಅನ್ನುವ ಲೆಕ್ಕ) ನಿಲ್ಲಿಸಿ. ಕಣ್ಣಿನೊಳಗೆ ಕೂರುವ ರಬ್ಬರ್ ಬುಷ್ಷೂ ಹೊಸದೇ ಇರಲಿ.

ಶಬ್ದ ಬರುತ್ತಿದೆಯಾ? ಹಂಪ್ ಇಳಿಯುವಾಗ ಟಕ್ ಅಂದರೆ ಶಾಕ್ ಅಬ್ಸಾರ್ಬರಿನ ಬುಷ್, ಶ್ಯಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನ ಚಾಸಿಗೆ ಸೇರಿಸುವ ಕೊಂಡಿ), ಯು ಬೋಲ್ಟ್, ಈ ಮೂರರಲ್ಲಿ ಒಂದು. ಒಬ್ಬರು ಬಾಡಿ ಮೇಲೆ ನಿಂತು ಕುಣಿಯಲಿ, ನೀವು ಪಕ್ಕದಿಂದ ಆ ಜೋಡಣೆಗಳ ಮೇಲೆ ಕೈಯಿಟ್ಟು ನೋಡಿ, ಹೊಡೆತ ಬೆರಳಿಗೆ ಗೊತ್ತಾಗುತ್ತದೆ. ಕುಂಯ್ ಅಂದರೆ ಬುಷ್ಷು ಇಲ್ಲಾ ಪ್ಲೇಟು ಪ್ಲೇಟು ಉಜ್ಜುವುದು. ಬುಷ್ಷು ಹೊಸದಿದ್ದೂ ಕೂಗುತ್ತಿದ್ದರೆ, ಗಾಡಿ ಜ್ಯಾಕಿನ ಮೇಲೆ ನೇತಾಡುತ್ತಿದ್ದಾಗಲೇ ಕಣ್ಣಿನ ಬೋಲ್ಟ್ ಬಿಗಿದಿದ್ದಾರೆ ಅಂತ ಲೆಕ್ಕ. ಹಾಗೆ ಬಿಗಿದರೆ, ಇಳಿಸಿದ ಮೇಲೆ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಸಡಿಲ ಮಾಡಿ, ಚಕ್ರ ನೆಲಕ್ಕೂರಿ ಭಾರ ಬಿದ್ದ ಮೇಲೆ ಮತ್ತೆ ಬಿಗಿಯಿರಿ.

ಶಾಕ್ ಅಬ್ಸಾರ್ಬರ್ ಸೆಕೆಂಡ್ ಹ್ಯಾಂಡ್ ತಗೋಬೇಡಿ. ಇಷ್ಟೇ ಹೇಳುತ್ತೇನೆ.

ಜಾಸ್ತಿ ಜನ ನೋಡದೇ ಬಿಡುವುದು ಬ್ರೇಕು. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿನಿಂದ ಒಂದು ಸಣ್ಣ ಕಡ್ಡಿ ಮೇಲೆ ಚಾಸಿಯಲ್ಲಿರುವ ವಾಲ್ವಿಗೆ ಹೋಗುತ್ತದೆ. ಬಾಡಿ ಎಷ್ಟು ಕೆಳಗೆ ಕೂತಿದೆ ಅನ್ನುವುದರ ಮೇಲೆ ಲೋಡು ಎಷ್ಟಿದೆ ಅಂತ ಅಂದಾಜು ಮಾಡಿ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ನೀವು ಒಂದು ಪ್ಲೇಟು ಜಾಸ್ತಿ ಇರುವ ಸೆಟ್ಟು ಹಾಕಿ ಹಿಂದೆ ಎತ್ತರ ಮಾಡಿದರೆ, ಲೋಡು ತುಂಬಿದರೂ ವಾಲ್ವು ಗಾಡಿ ಖಾಲಿ ಅಂದುಕೊಳ್ಳುತ್ತದೆ, ಹಿಂದಿನ ಬ್ರೇಕು ಸರಿಯಾಗಿ ಹಿಡಿಯಲ್ಲ. ಹುಲಿಕಲ್ ಘಾಟಿ ಇಳಿಯುವಾಗ ಇದು ಗೊತ್ತಾಗುವುದು ಬೇಡ, ಅಲ್ವಾ? ಕಡ್ಡಿ ಕಳಚಿದೆಯಾ, ಬಗ್ಗಿದೆಯಾ ನೋಡಿ, ಎತ್ತರ ಬದಲಾಗಿದ್ದರೆ ಸರ್ವಿಸ್ ಸೆಂಟರಿನಲ್ಲಿ ಸೆಟ್ ಮಾಡಿಸಿ. ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಂಡಿಲ್ಲ ಅಂತಲೂ ನೋಡಿ. ಪ್ಲೇಟು ಜಾಸ್ತಿ ಹಾಕಿದ್ದಕ್ಕೆ ಆರ್‌ಸಿಯಲ್ಲಿರುವ ತೂಕ ಏನೂ ಜಾಸ್ತಿ ಆಗಲ್ಲ, ಅದು ನೆನಪಿರಲಿ.

ಎತ್ತರ ಬದಲಾದ ಮೇಲೆ ಗಾಡಿ ಎಳೆಯುವಾಗ ಅಡಿಯಲ್ಲಿ ಗಡಗಡ ಅಂದರೆ ಹಿಂದಿನ ಆಕ್ಸಲ್ಲಿಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿದೆ, ಅದರ ಕ್ರಾಸ್ ಜಾಯಿಂಟ್ ಹಾಳಾಗುವ ಮುಂಚೆ ತೋರಿಸಿ. ಹೆಡ್‌ಲೈಟೂ ಒಮ್ಮೆ ಸೆಟ್ ಮಾಡಿಸಿ, ಇಲ್ಲಾಂದ್ರೆ ಮಂಜಿನಲ್ಲಿ ರಸ್ತೆ ಬಿಟ್ಟು ಬೇರೆಲ್ಲಾ ಕಾಣುತ್ತದೆ.

ಬಿರುಕು ನೋಡಲು ವೈರ್ ಬ್ರಷ್ಷಿನಿಂದ ತುಕ್ಕು ಕೆರೆದು, ಸೀಮೆಎಣ್ಣೆ ಇಲ್ಲಾ ಡೀಸೆಲ್ ಸವರಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರೆಸಿ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಬಿಳಿ ಮೇಲೆ ಸಣ್ಣ ಕಪ್ಪು ಗೆರೆ ಮೂಡುತ್ತದೆ. ಕಣ್ಣಿನ ಸುತ್ತ, ಸೆಂಟರ್ ಬೋಲ್ಟಿನ ತೂತಿನ ಹತ್ತಿರ ತಪ್ಪದೇ ನೋಡಿ. ಗೆರೆ ಕಂಡರೆ ಆ ಪ್ಲೇಟು ವಾಪಸ್ ಗುಜರಿಗೆ. ವೆಲ್ಡಿಂಗ್ ಮಾತ್ರ ಬೇಡವೇ ಬೇಡ, ಬಿಸಿಗೆ ಸ್ಪ್ರಿಂಗಿನ ಹದವೇ ಹೋಗಿ ಅದರ ಪಕ್ಕದಲ್ಲೇ ಮುರಿಯುತ್ತದೆ.

ಎಲ್ಲಾ ಆದ ಮೇಲೆ ಯು ಬೋಲ್ಟಿನ ನಟ್ಟಿಗೂ ಮರೆಗೂ (ಥ್ರೆಡ್ಡಿಗೂ) ಸೇರಿಸಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ, ಸಡಿಲಾಗಿ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ಗೆರೆ ಸರಿ ಇದ್ದರೂ ಮೊದಲ ಲೋಡು ಇಳಿಸಿದ ಕೂಡಲೇ ಮತ್ತೊಮ್ಮೆ ಟಾರ್ಕ್ ನೋಡಿ, ಪ್ಲೇಟು ಕೂತಂತೆ ಹಿಡಿತ ಕಮ್ಮಿಯಾಗುತ್ತದೆ. ನಾನು ರಿಪ್ಪನ್‌ಪೇಟೆಗೆ ಒಂದು ಲೋಡು ಕುರಿ ಗೊಬ್ಬರ ಇಳಿಸಿ ಬಂದು ಸ್ಪ್ಯಾನರ್ ಹಾಕಿದರೆ, ಎಂಟು ನಟ್ಟಿನಲ್ಲಿ ಮೂರು ನಟ್ಟು ತಲಾ ಕಾಲು ಸುತ್ತು ತಿರುಗಿದವು.