ಐದು ನಿಮಿಷದ ಓಟಕ್ಕೆ ಎಷ್ಟು ಎಂಎಎಚ್ ಬ್ಯಾಟರಿ ಬೇಕು?

ರೇಡಿಯೊ ನಿಯಂತ್ರಿತ ವಿದ್ಯುತ್ ಕಾರುಗಳ ಸ್ಪರ್ಧೆಯಲ್ಲಿ ಓಟದ ಅವಧಿ ಮೊದಲೇ ನಿಗದಿಯಾಗಿರುತ್ತದೆ. 1/10 ಅಳತೆಯ ಕಾರುಗಳಿಗೆ ಸಾಮಾನ್ಯವಾಗಿ 5 ನಿಮಿಷ, 1/12 ಅಳತೆಯ ಆನ್‌ರೋಡ್ ಕಾರುಗಳಿಗೆ 8 ನಿಮಿಷ. ಹೀಗಿರುವಾಗ ಅಂಗಡಿಯಲ್ಲಿ ಸಿಗುವ ಅತಿ ದೊಡ್ಡ ಬ್ಯಾಟರಿಯನ್ನೇ ಕೊಳ್ಳುವುದರಲ್ಲಿ ಅರ್ಥವಿಲ್ಲ. ಬಳಕೆಯಾಗದೆ ಉಳಿಯುವ ಸಾಮರ್ಥ್ಯದ ತೂಕವನ್ನು ಕಾರು ಪ್ರತಿ ತಿರುವಿನಲ್ಲೂ ಹೊತ್ತುಕೊಂಡೇ ಓಡಬೇಕಾಗುತ್ತದೆ.

ಹಿಂದೆ ಸಮಸ್ಯೆ ಇದಕ್ಕೆ ತದ್ವಿರುದ್ಧವಾಗಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ 1/10 ಆಫ್‌ರೋಡ್ ವಿದ್ಯುತ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದ ಆ ದಶಕದಲ್ಲಿ, ಆರು ನಿಕಲ್-ಕ್ಯಾಡ್ಮಿಯಂ ಸೆಲ್‌ಗಳ 7.2 ವೋಲ್ಟ್ ಪ್ಯಾಕಿನ ಸಾಮರ್ಥ್ಯ 1200 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಬ್ಯಾಟರಿ ಎಷ್ಟು ವಿದ್ಯುತ್ತನ್ನು ಹಿಡಿದಿಡುತ್ತದೆ ಎಂಬುದರ ಅಳತೆ) ಆಸುಪಾಸಿನಲ್ಲಿರುತ್ತಿತ್ತು. ಅಂಥ ಪ್ಯಾಕಿನಲ್ಲಿ 4 ನಿಮಿಷ ಓಡಬೇಕಾದರೆ ಸರಾಸರಿ 18 ಆಂಪಿಯರ್‌ಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯುವಂತಿರಲಿಲ್ಲವಾದ್ದರಿಂದ, ಗೇರು ಆರಿಸುವಾಗಲೂ ಥ್ರಾಟಲ್ ಒತ್ತುವಾಗಲೂ ಮಿತವ್ಯಯವೇ ಮುಖ್ಯವಾಗುತ್ತಿತ್ತು. ಇಂದಿನ ಎರಡು ಸೆಲ್‌ಗಳ 7.4 ವೋಲ್ಟ್ ಲಿಪೋ (ಲಿಥಿಯಂ-ಪಾಲಿಮರ್) ಪ್ಯಾಕುಗಳು 4000ದಿಂದ 6000 ಎಂಎಎಚ್‌ಗೂ ಮೇಲ್ಪಟ್ಟು ಸಿಗುತ್ತವೆ.

ಆಯ್ಕೆಗೆ ಮುನ್ನ ನಿಮ್ಮ ಕಾರು ನಿಮಿಷಕ್ಕೆ ಎಷ್ಟು ಬಳಸುತ್ತದೆ ಎಂಬುದನ್ನು ಅಳೆಯಬೇಕು. ಇದಕ್ಕೆ ಬೇರೆ ಉಪಕರಣ ಬೇಡ, ಚಾರ್ಜರ್ ಸಾಕು. ಪ್ಯಾಕನ್ನು 8.4 ವೋಲ್ಟ್‌ವರೆಗೆ ಪೂರ್ತಿ ಚಾರ್ಜ್ ಮಾಡಿ, ಸ್ಪರ್ಧೆಯ ಟ್ರ್ಯಾಕಿನಲ್ಲೇ, ಸ್ಪರ್ಧೆಯ ವೇಗದಲ್ಲೇ, ಸರಿಯಾಗಿ 4 ನಿಮಿಷ ಓಡಿಸಿ. ಪ್ಯಾಕು ತಣಿದ ಮೇಲೆ ಮತ್ತೆ ಪೂರ್ತಿ ಚಾರ್ಜ್ ಮಾಡಿದಾಗ ಚಾರ್ಜರ್ ಎಷ್ಟು ಎಂಎಎಚ್ ತುಂಬಿತೆಂದು ತೋರಿಸುತ್ತದೆಯೋ, ಓಟದಲ್ಲಿ ಖರ್ಚಾದದ್ದು ಹೆಚ್ಚುಕಡಿಮೆ ಅಷ್ಟೇ. ಉದಾಹರಣೆಗೆ 1800 ಎಂಎಎಚ್ ತುಂಬಿದರೆ ನಿಮಿಷಕ್ಕೆ 450 ಖರ್ಚಾಗಿದೆ, ಅಂದರೆ ಕಾರು ಸರಾಸರಿ 27 ಆಂಪಿಯರ್ ಎಳೆದಿದೆ. ಮನೆಯ ಮುಂದಿನ ರಸ್ತೆಯಲ್ಲಿ ಓಡಿಸಿ ಪಡೆದ ಅಂಕಿಯನ್ನು ನಂಬಬಾರದು. ಮಣ್ಣಿನ ಟ್ರ್ಯಾಕು, ಕಾರ್ಪೆಟ್, ಟೈರಿನ ಹಿಡಿತ ಬದಲಾದಂತೆ ಖರ್ಚೂ ಬದಲಾಗುತ್ತದೆ.

ಮುಂದಿನದು ಗುಣಾಕಾರ, ಮತ್ತು ಹೊಸಬರು ಲೆಕ್ಕ ತಪ್ಪುವುದು ಇಲ್ಲಿಯೇ. 5 ನಿಮಿಷದ ಓಟ 5 ನಿಮಿಷಕ್ಕೇ ಮುಗಿಯುವುದಿಲ್ಲ. ಸಮಯ ಮುಗಿದಾಗ ಓಡುತ್ತಿರುವ ಸುತ್ತನ್ನು ಪೂರ್ಣಗೊಳಿಸಬೇಕು, ಆರಂಭಕ್ಕೆ ಮುನ್ನ ಅಭ್ಯಾಸದ ಒಂದೆರಡು ಸುತ್ತುಗಳೂ ಇರುತ್ತವೆ. ಎಲ್ಲ ಸೇರಿ ಆರೂವರೆ ನಿಮಿಷವೆಂದು ಇಟ್ಟುಕೊಂಡರೆ ಮೇಲಿನ ಕಾರಿಗೆ 2925 ಎಂಎಎಚ್ ಬೇಕು. ಲಿಪೋ ಪ್ಯಾಕನ್ನು ಪೂರ್ತಿ ಬರಿದು ಮಾಡಿದರೆ ಅದು ಹಾಳಾಗುತ್ತದೆಯಾದ್ದರಿಂದ ಶೇ 20ರಷ್ಟನ್ನು ಉಳಿಸಬೇಕು, 2925ನ್ನು 0.8ರಿಂದ ಭಾಗಿಸಿದರೆ ಸುಮಾರು 3660 ಬರುತ್ತದೆ. ಈ ಕಾರಿಗೆ 4000 ಎಂಎಎಚ್‌ನ ಶಾರ್ಟಿ (ಉದ್ದ ಕಡಿಮೆಯಿರುವ) ಪ್ಯಾಕು ಧಾರಾಳವಾಗಿ ಸಾಕು.

ಹಾಗೆಂದು ದೊಡ್ಡ ಪ್ಯಾಕು ಯಾವಾಗಲೂ ವ್ಯರ್ಥವೆಂದಲ್ಲ. ಅದೇ ಬಗೆಯ ಸೆಲ್‌ಗಳಲ್ಲಿ ಸಾಮರ್ಥ್ಯ ಹೆಚ್ಚಿದಂತೆ ಆಂತರಿಕ ರೋಧ ಸಾಮಾನ್ಯವಾಗಿ ಕಡಿಮೆಯಾಗಿ, ಓಟದ ಕೊನೆಯಲ್ಲಿ ವೋಲ್ಟೇಜ್ ಕುಸಿತವೂ ತಗ್ಗುತ್ತದೆ. ಕನಿಷ್ಠ ತೂಕದ ನಿಯಮವಿರುವ ವರ್ಗದಲ್ಲಿ ಕಾರು ಅದಕ್ಕಿಂತ ಹಗುರವಾಗಿದ್ದರೆ, ಸೀಸ ಅಂಟಿಸುವ ಬದಲು ಆ ತೂಕವನ್ನು ಬ್ಯಾಟರಿಗೇ ಕೊಡುವುದು ಲೇಸೆಂಬುದು ನನ್ನ ಅಭಿಪ್ರಾಯ. ಪ್ಯಾಕಿನ ಮೇಲೆ ಅಚ್ಚಾಗಿರುವ ಭಾರೀ ‘ಸಿ’ ಅಂಕಿಗೆ, ಅಂದರೆ ಸಾಮರ್ಥ್ಯದ ಎಷ್ಟು ಪಟ್ಟು ಆಂಪಿಯರ್ ಕೊಡಬಲ್ಲದು ಎಂಬ ಅಂಕಿಗೆ ಮಾತ್ರ ಮರುಳಾಗಬೇಡಿ. 5000 ಎಂಎಎಚ್ ಪ್ಯಾಕಿಗೆ 100 ಸಿ ಎಂದರೆ 500 ಆಂಪಿಯರ್, ನಮ್ಮ ಉದಾಹರಣೆಯ ಕಾರಿನ ಸರಾಸರಿಗಿಂತ ಹದಿನೆಂಟು ಪಟ್ಟಿಗೂ ಹೆಚ್ಚು.

ಪಿನಿಯನ್‌ಗೆ (ಮೋಟಾರಿನ ತುದಿಯ ಚಿಕ್ಕ ಗೇರಿಗೆ) ಒಂದು ಹಲ್ಲು ಹೆಚ್ಚಿಸಿದರೆ ಗರಿಷ್ಠ ವೇಗದ ಜೊತೆಗೆ ವಿದ್ಯುತ್ತಿನ ಎಳೆತವೂ ಏರುತ್ತದೆ. ಆದ್ದರಿಂದ ಗೇರು ಅಥವಾ ಮೋಟಾರು ಬದಲಾದಾಗಲೆಲ್ಲ ಅಳತೆಯನ್ನು ಹೊಸದಾಗಿ ಮಾಡಬೇಕು. ವೇಗ ನಿಯಂತ್ರಕದಲ್ಲಿ ಕಟ್‌ಆಫನ್ನು (ಬ್ಯಾಟರಿ ಅತಿಯಾಗಿ ಬರಿದಾಗದಂತೆ ತಡೆಯುವ ವೋಲ್ಟೇಜ್ ಮಿತಿಯನ್ನು) ಸೆಲ್‌ಗೆ 3.2 ವೋಲ್ಟ್‌ನ ಆಸುಪಾಸಿಗೆ ಹೊಂದಿಸಿಡಿ, ಮತ್ತು ಸ್ಪರ್ಧೆಯ ದಿನ ಮುಗಿದ ಮೇಲೆ ಪ್ಯಾಕುಗಳನ್ನು ಚಾರ್ಜರಿನ ಸ್ಟೋರೇಜ್ ವಿಧಾನದಲ್ಲಿ ಸೆಲ್‌ಗೆ 3.8 ವೋಲ್ಟ್‌ಗೆ ತಂದು ಎತ್ತಿಡಿ.